ಅಲ್ಲಾಡದ ಹಂಸ

ಹಂಸ ನನ್ನ ದೊಡ್ಡಪ್ಪನ ಮಗಳು, ಹಲಸೂರಿನವಳು. ದೊಡ್ಡಪ್ಪ ರಾಮಾಂಜಿನಪ್ಪ ಮದುವೆ, ನಾಮಕರಣಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮಗ ಮುನಿರಾಜನಿಗೆ ವೈರ್ ಕಂಡರೆ ಭಯ. ಹಾಗಾಗಿ ಆಂಪ್ಲಿಫೈಯರ್ ಬಿಚ್ಚಿ ಜೋಡಿಸುವ ವಿದ್ಯೆ ಮಗಳ ಪಾಲಿಗೆ ಬಂತು. ಅಂಗಡಿಯ ಬೋರ್ಡು ಮಾತ್ರ ‘ಮುನಿರಾಜ್ ಸೌಂಡ್ಸ್’. ವಂಶದ ಮರ್ಯಾದೆ ನೋಡಿ!

ಎರಡು ಸಾವಿರದ ಇಸವಿ ಕಳೆದ ಹೊಸತು. ಇಂದಿರಾನಗರದ ಪಬ್ಬೊಂದರಲ್ಲಿ ಶನಿವಾರ ಮಧ್ಯಾಹ್ನ ಕಾಲೇಜು ಹುಡುಗ ಹುಡುಗಿಯರು ಕುಣಿಯಲು ಬರುತ್ತಿದ್ದರು. ಸ್ಪೀಕರ್ ಜೋಡಿಸಲು ಹೋಗಿದ್ದ ಹಂಸ, ಡೀಜೆ ಕೈಕೊಟ್ಟ ದಿನ ತಾನೇ ಹಾಡು ಹಾಕಿದಳು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ತಾಳ ತಪ್ಪದಂತೆ ಅದರೊಳಗೆ ಸೇರಿಸಬೇಕು. ಅವಳಿಗೆ ಆ ತಾಳ ಸಿಗುತ್ತಿದ್ದದ್ದು ಸೊಂಟದಲ್ಲಿ, ಕಾಲಿನಲ್ಲಿ. ಮಾಲೀಕ ಪ್ರಭುಲಿಂಗ ಅವಳನ್ನೇ ಕಾಯಂ ಮಾಡಿದರು. ಹುಡುಗಿ ಒಬ್ಬಳೇ ಪಬ್ಬಿಗೆ ಹೋಗಬಾರದೆಂದು ದೊಡ್ಡಪ್ಪ ನನ್ನನ್ನೂ ಜೊತೆಗೆ ಕಳಿಸುತ್ತಿದ್ದರು. ಇಬ್ಬರು ಹುಡುಗಿಯರು ಹೋದರೆ ಪಬ್ಬು ದೇವಸ್ಥಾನವಾಗುತ್ತದೆ ಎಂದುಕೊಂಡಿದ್ದರೇನೋ.

ಒಂದು ಶನಿವಾರ ಇನ್‌ಸ್ಪೆಕ್ಟರ್ ಬಂದರು. ಬಣ್ಣದ ಲೈಟು, ಕಟ್ಟೆಯ ಮೇಲೆ ಹೆಂಗಸು. ಅವರಿಗೆ ಅಷ್ಟೇ ಸಾಕಾಯಿತು.

“ಹೆಂಗಸ್ರನ್ನ ಕುಣಿಸೋಕೆ ಲೈಸೆನ್ಸ್ ಇದ್ಯೇನ್ರೀ?”

“ಅವ್ರು ಡ್ಯಾನ್ಸರ್ ಅಲ್ಲ ಸಾರ್, ಆಪರೇಟರು” ಎಂದರು ಪ್ರಭುಲಿಂಗ.

“ಆಪರೇಟರ್ ಯಾಕ್ರೀ ಸೊಂಟ ಅಲ್ಲಾಡಿಸ್ತಾರೆ? ಲಿಫ್ಟ್ ಆಪರೇಟರ್ ಅಲ್ಲಾಡಿಸ್ತಾನಾ?”

ಹಾಲ್ ತುಂಬಾ ಜನ ಕುಣಿಯುತ್ತಿದ್ದರು. ತಪ್ಪಿತಸ್ಥೆ ಮಾತ್ರ ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳೇ. ಕೆಲಸ ಉಳಿಯಬೇಕಾದರೆ ಅಲ್ಲಾಡದೆ ನಿಲ್ಲಬೇಕು ಎಂದು ತೀರ್ಮಾನವಾಯಿತು.

“ಹಂಗೆ ನಿಂತ್ರೆ ತಾಳ ಹೆಂಗೆ ಸಿಗುತ್ತಕ್ಕಾ?” ಎಂದು ಕೇಳಿದೆ.

“ಹೆಬ್ಬೆರಳಿದೆ ಕಣೇ ಭವ್ಯಾ. ಶೂ ಒಳಗೆ ಏನ್ ನಡೀತಿದೆ ಅಂತ ಪೊಲೀಸ್ರಿಗೆ ಕಾಣಲ್ಲ.”

ಹೀಗೆ ಒಂದು ವರ್ಷ ಹಂಸ ಹೆಬ್ಬೆರಳಿನಲ್ಲೇ ಕುಣಿದಳು. ಅವಳನ್ನು ಹಾಗೆ ನೋಡಿ ನನಗೆ ಸಂಕಟವಾಗುತ್ತಿತ್ತು. ಹುಡುಗರು ಮಾತ್ರ “ಏನ್ ಗತ್ತು ಮಗಾ!” ಎಂದು ಬಾಯಿ ಬಿಟ್ಟು ನೋಡಿದರು. ಅವಳನ್ನು ನೋಡಲೆಂದೇ ಕೋರಮಂಗಲದಿಂದ ಬಂದರು. ಪ್ರಭುಲಿಂಗ ಪೋಸ್ಟರಿನಲ್ಲಿ ‘ಅಲ್ಲಾಡದ ರಾಣಿ’ ಎಂದು ಹಾಕಿಸಿದರು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬದಲಾದರು. ಹೊಸಬರು ಬಂದವರೇ ಹಂಸಳನ್ನು ಮೇಲಿಂದ ಕೆಳಗೆ ನೋಡಿದರು.

“ಇವ್ರ್ಯಾಕ್ರೀ ಸುಮ್ನೆ ನಿಂತಿದ್ದಾರೆ? ಶೋಗಾ?”

ಹಂಸ ಸದ್ದಿನ ಗುಂಡಿಯನ್ನು ಪೂರ್ತಿ ಕೆಳಗೆಳೆದಳು. ಸದ್ದು ಅಡಗಿತು. ಕುಣಿಯುತ್ತಿದ್ದವರೆಲ್ಲ ಎತ್ತಿದ ಕೈ ಎತ್ತಿದಂತೆಯೇ ನಿಂತರು.

“ಈಗ ಎಲ್ರೂ ಸುಮ್ನೆ ನಿಂತಿದ್ದಾರೆ ಸಾರ್” ಎಂದಳು.

ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. “ಹಾಕಮ್ಮ ಹಾಕು. ಕುಣ್ಕೊಂಡೇ ಹಾಕು, ನಮ್ಗೇನು” ಎಂದು ಹೊರಟುಹೋದರು.

ಮುಂದಿನ ಶನಿವಾರ ಹಂಸಳ ಸೊಂಟ ಅಲ್ಲಾಡಿತು. ಪ್ರಭುಲಿಂಗ ಓಡಿಬಂದರು.

“ಅಯ್ಯೋ, ಅಲ್ಲಾಡ್ಬೇಡ್ರೀ ಹಂಸಮ್ಮ! ಜನ ಬರೋದೇ ನೀವು ಅಲ್ಲಾಡದೆ ನಿಲ್ಲೋದನ್ನ ನೋಡೋಕೆ!”

ಹಂಸ ಹೆಡ್‌ಫೋನ್ ತೋರಿಸಿ, ಕೇಳಿಸುತ್ತಿಲ್ಲ ಎಂದು ಕೈಯಾಡಿಸಿದಳು. ಸಂಜೆಯವರೆಗೂ ಕುಣಿದಳು. ಅಭ್ಯಾಸ ತಪ್ಪಿತ್ತು, ಚೆನ್ನಾಗೇನೂ ಕುಣಿಯಲಿಲ್ಲ. ನಾನು ಮೂಲೆಯಲ್ಲಿ ನಿಂತು ಖುಷಿಗೆ ಅತ್ತುಬಿಟ್ಟೆ.

ಅದರ ಮುಂದಿನ ವಾರ ಅವಳ ಜಾಗದಲ್ಲಿ ಹುಡುಗನೊಬ್ಬ ನಿಂತಿದ್ದ. ಅಂಗಿ ಬಿಚ್ಚಿ, ಮೇಜು ಹತ್ತಿ ಕುಣಿಯುತ್ತಿದ್ದ. ಪ್ರಭುಲಿಂಗ ಚಪ್ಪಾಳೆ ತಟ್ಟುತ್ತಿದ್ದರು.