ಹನ್ನೊಂದಕ್ಕೆ ಬೀಳುತ್ತಿದ್ದ ಮುಳ್ಳು

ಉದ್ದಪ್ಪನಂಥ ಇನ್ನೊಬ್ಬ ಹಟಮಾರಿಯನ್ನು ನಾನು ಕಂಡಿಲ್ಲ. ಬೆಳಗಾವಿಯ ಒಂದು ಧರ್ಮಸಂಸ್ಥೆ ಹಳ್ಳಿಗಳಿಗೆ ಕಳಿಸುತ್ತಿದ್ದ ಕಣ್ಣಿನ ದವಾಖಾನೆಯ ಮೋಟಾರಿಗೆ ಅವನು ಡ್ರೈವರ್, ನಾನು ಕಂಪೌಂಡರ್. ಊರಿಂದೂರಿಗೆ ಉರುಳುವ ಮನೆಯೇ ಅದು. ಮುಂದೆ ನಾವು ಮಲಗುವ ಎರಡು ಹಲಗೆ ಮತ್ತು ಒಂದು ಸ್ಟೋವ್, ನಡುವೆ ಪರದೆ ಕಟ್ಟಿದ ಆಪರೇಷನ್ ಕೋಣೆ, ಹಿಂಭಾಗದ ತಂತಿಜಾಳಿಗೆಯ ಪೆಟ್ಟಿಗೆಯೊಳಗೆ ಕರೆಂಟು ಹುಟ್ಟಿಸುವ ಜನರೇಟರ್. ಆಗ ನಮ್ಮ ಹಳ್ಳಿಗಳಲ್ಲಿ ಕರೆಂಟು ಎಲ್ಲಿತ್ತು? ಡಾಕ್ಟರರ ದೀಪ ಉರಿಯಬೇಕಾದರೆ ಆ ಮಷಿನ್ ನಡೆಯಬೇಕು, ಮಷಿನ್ ನಡೆಯಬೇಕಾದರೆ ಉದ್ದಪ್ಪನ ಮರ್ಜಿ ಇರಬೇಕು.

ಅವನು ಅಂಕಲಗಿಯವನು. ಯುದ್ಧದ ಕಾಲಕ್ಕೆ ಮಿಲಿಟರಿ ಸೇರಿ, ಬರ್ಮಾದಲ್ಲಿ ಲಾರಿ, ಡೈನಮೋ ರಿಪೇರಿ ಕಲಿತು, ನಲವತ್ತೇಳರಲ್ಲಿ ಬೂಟು ಹಾಕಿಕೊಂಡೇ ಊರಿಗೆ ಬಂದ. ಊರು ಮಾತ್ರ ಅವನನ್ನು ಹಳೆಯ ಜಾಗದಲ್ಲೇ, ಊರ ಹೊರಗೆ, ಇರಿಸಿತು. ಬೇರೆಯವರನ್ನು ಯಾಕೆ ಬೈಯಲಿ? ನಾನು ಹುಕ್ಕೇರಿ ಕಡೆಯ ಒಕ್ಕಲುತನದ ಮನೆಯವನು, ಮೊದಲ ಒಂದು ವರ್ಷ ಅವನು ಕಾಸಿದ ಚಹಾ ಕುಡಿಯಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಐವತ್ತಾರರಲ್ಲಿ ಅವನು ಘಟಪ್ರಭಾದಲ್ಲಿ ರೈಲು ಹತ್ತಿ ನಾಗಪುರಕ್ಕೆ ಹೋಗಿ ಬುದ್ಧ ಧರ್ಮದ ದೀಕ್ಷೆ ತೆಗೆದುಕೊಂಡು ಬಂದ. ಇನ್ನು ಯಾವ ದೇವರಿಗೂ ಕೈ ಮುಗಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದನಂತೆ. ಅಲ್ಲಿಂದ ಅವನ ಜೊತೆ ಬಾಳುವುದೇ ಒಂದು ತಲೆನೋವಾಯಿತು. ಡಾಕ್ಟರರು ಮಧ್ಯಾಹ್ನ ಅಡ್ಡಾಗಿದ್ದಾಗ ಯಾರಾದರೂ ಬಂದರೆ, "ಇಲ್ಲ ಅಂತ ಹೇಳೋ" ಎಂದು ನಾನು ಕಣ್ಣು ಮಿಟುಕಿಸುತ್ತಿದ್ದೆ. ಅವನು ಹೋಗಿ, "ಅದಾರ್ರಿ, ಮಲಗ್ಯಾರ. ನಿಮ್ಮನ್ನ ನೋಡಾಕ ಮನಸಿಲ್ಲ ಅವ್ರಿಗೆ" ಎಂದು ಹೇಳಿ ಬರುತ್ತಿದ್ದ. ಖಂಡೇನವಮಿಯ ಆಯುಧಪೂಜೆಗೆ ಮಷಿನ್‌ಗೆ ಭಂಡಾರ ಹಚ್ಚುವುದನ್ನೂ ಬಿಟ್ಟ.

ಇದರಿಂದ ಹೆದರಿದವಳು ಒಬ್ಬಳೇ, ಅವನ ಅಕ್ಕ ಕಾಡವ್ವ. ಅವಳ ಗಂಡ ಯಲ್ಲಾರಿ ಮೂಡಲಗಿಯಲ್ಲಿ ಒಂದು ಟೂರಿಂಗ್ ಸಿನೆಮಾದ ಮಷಿನ್ ನಡೆಸುತ್ತಿದ್ದ. ಒಂದು ಖಂಡೇನವಮಿಗೆ ಪೂಜೆ ತಪ್ಪಿಸಿದ, ಮರುವಾರವೇ ತಂತಿ ಹಿಡಿದು ಸತ್ತ. ಮಷಿನ್ ಹಸಿದಿತ್ತು, ಗಂಡನನ್ನು ಉಂಡಿತು ಎಂದು ಅವಳು ನಂಬಿಬಿಟ್ಟಳು. ಸೊಂಟದಲ್ಲಿ ಸದಾ ಯಲ್ಲಮ್ಮನ ಭಂಡಾರದ ಚೀಲ, ಅಂದರೆ ದೇವಿಯ ಮುಂದಿಟ್ಟು ತಂದ ಅರಿಷಿಣದ ಪುಡಿ. ತಮ್ಮನ ಮೇಲೆ ಜೀವ ಇಟ್ಟುಕೊಂಡಿದ್ದ ಆ ಮುದುಕಿಗೆ ನಾಲ್ಕು ವರ್ಷದಿಂದ ಕಣ್ಣು ಮಂಜಾಗುತ್ತ ಬಂದಿತ್ತು.

ಐವತ್ತೆಂಟರ ಚಳಿಗಾಲದಲ್ಲಿ ಯಮಕನಮರಡಿಯಲ್ಲಿ ನಮ್ಮ ಶಿಬಿರ. ಸಾಲೆಗೆ ರಜೆ ಇತ್ತು. ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಗಾಡಿಯ ಬೆನ್ನಿಗೆ ಕಳ್ಳಿಬೇಲಿ, ಎದುರಿಗೆ ಪಡಸಾಲೆ. ಮೊದಲ ವಾರ ಆಪರೇಷನ್ ಆದವರು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಆ ಪಡಸಾಲೆಯ ಗೋಡೆಗೆ ಒರಗಿ ಸಾಲಾಗಿ ಕೂತಿರುತ್ತಿದ್ದರು. ಎರಡನೆಯ ವಾರ ಹಿಡಿಯುವ ಮುಂಚೆ, ರವಿವಾರವೇ, ಉದ್ದಪ್ಪ ಅಂಕಲಗಿಯಿಂದ ಅಕ್ಕನನ್ನು ಕರೆತಂದ. ಡಾಕ್ಟರರು ನೋಡಿ, ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದರ ಪೊರೆ ಹಣ್ಣಾಗಿದೆ, ಈ ಸಲ ತೆಗೆಯದಿದ್ದರೆ ಒಳಗೇ ಒಡೆದು ಅದೂ ಹೋಗುತ್ತದೆ ಎಂದರು. ಗುರುವಾರ ಅವಳ ಪಾಳಿ.

ಸೋಮವಾರ ಹನ್ನೊಂದರ ಹೊತ್ತಿಗೆ ಮೊದಲ ಸಲ ಆಯಿತು. ವೋಲ್ಟೇಜಿನ ಮುಳ್ಳು ಇನ್ನೂರಾ ಮೂವತ್ತರಲ್ಲಿ ಇದ್ದದ್ದು, ಹತ್ತು ನಿಮಿಷದಲ್ಲಿ ನೂರಾ ತೊಂಬತ್ತಕ್ಕೆ ಇಳಿಯಿತು. ಎಂಜಿನ್ನಿನ ಸದ್ದು ಒಂದು ಚೂರೂ ಬದಲಾಗಲಿಲ್ಲ. ಅದಕ್ಕೂ ಮುಂಚೆ ನಾನು ಒಂದು ನೋಡಿದ್ದೆ. ಪಡಸಾಲೆಯಲ್ಲಿ ಕೂತ ಹದಿನಾಲ್ಕು ಜನ, ಎಲ್ಲರ ಕಣ್ಣಿಗೂ ಬಟ್ಟೆ, ಒಮ್ಮೆಲೇ ಕತ್ತು ಹೊರಳಿಸಿ ಗಾಡಿಯ ಹಿಂಭಾಗದ ಕಡೆ ಮುಖ ಮಾಡಿದರು. ಕಣ್ಣಿದ್ದ ನನಗೆ ಅಲ್ಲಿ ಯಾರೂ ಕಾಣಲಿಲ್ಲ.

ಮಂಗಳವಾರ ಮುಳ್ಳು ನೂರಾ ತೊಂಬತ್ತರಿಂದಲೇ ಶುರುವಾಯಿತು. ಹನ್ನೊಂದಕ್ಕೆ ಆ ಹದಿನಾಲ್ಕು ಮುಖ ಮತ್ತೆ ಹೊರಳಿದವು, ಮುಳ್ಳು ನೂರಾ ಅರವತ್ತೈದಕ್ಕೆ ಬಂತು. ಉದ್ದಪ್ಪನದು ಮಿಲಿಟರಿ ಪದ್ಧತಿ. ಒಂದು ಸಲಕ್ಕೆ ಒಂದನ್ನೇ ನೋಡಬೇಕು, ಹೊರಗಿನಿಂದ ಒಳಗೆ ಹೋಗಬೇಕು. ದೀಪ, ನೀರು ಕುದಿಸುವ ಡಬ್ಬಿ ಎಲ್ಲ ಬಿಚ್ಚಿ ಬರಿಯ ಮಷಿನ್ ನಡೆಸಿದ, ಮುಳ್ಳು ಏಳಲಿಲ್ಲ. ಸುತ್ತು ಎಣಿಸಿದ, ಎಂಜಿನ್ನಿನ ವೇಗ ಬರೋಬರಿ ಇತ್ತು. ತಂತಿಯ ತುದಿಗಳನ್ನೆಲ್ಲ ಬಿಗಿದ, ವೋಲ್ಟೇಜು ಹೆಚ್ಚುಕಡಿಮೆ ಮಾಡುವ ಗುಂಡಿಯನ್ನು ಕೊನೆಯವರೆಗೂ ತಿರುವಿದ.

"ಹೊರಗ ಎಲ್ಲಾ ಸರಿ ಐತ್ರಿ" ಎಂದ. "ಒಳಗ ಏನೋ ಐತಿ."

"ಏನ್ ಐತೋ?"

"ನೋಡಲಾರದ ಹೆಂಗ ಹೇಳ್ಲಿ?"

ಬುಧವಾರ ಮೇಜಿನ ಮೇಲೆ ಒಬ್ಬ ಮುದುಕನ ಕಣ್ಣು ತೆರೆದಿತ್ತು. ದೀಪ ಹಳದಿಯಾಯಿತು, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗಿತು. ಡಾಕ್ಟರರು ನನ್ನ ಕೈಯ ಬ್ಯಾಟರಿ ಬೆಳಕಿನಲ್ಲಿ ಕೆಲಸ ಮುಗಿಸಿದರು. ಹೊರಗೆ ಬಂದು ಉದ್ದಪ್ಪನಿಗೆ, "ನಾಳೆ ಹತ್ತು ಗಂಟೆಗೆ ದೀಪ ಸರಿಯಾಗಿರಬೇಕು. ಇಲ್ಲದಿದ್ದರೆ ಗಾಡಿ ವಾಪಸು. ಇಲ್ಲಿಗೆ ಮತ್ತೆ ಬರುವುದು ಮುಂದಿನ ವರ್ಷ" ಎಂದರು. ಮುಂದಿನ ವರ್ಷ ಅಂದರೆ ಕಾಡವ್ವನ ಕಣ್ಣು ಹೋದಂತೆಯೇ.

ಗಾಡಿಯ ಹಿಂದೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಸುಟ್ಟ ಅರಿಷಿಣದ ವಾಸನೆ ಮಾತ್ರ ಗಾಳಿಯಲ್ಲಿತ್ತು. ಬಿಸಿಲು ನೆತ್ತಿಗೆ ಬರುತ್ತಿದ್ದ ಹೊತ್ತು, ಸುತ್ತ ನೂರು ಜನ, ಆದರೂ ಅಲ್ಲಿ ಒಬ್ಬನೇ ನಿಲ್ಲಲು ನನಗೆ ಧೈರ್ಯ ಸಾಲಲಿಲ್ಲ. ಉದ್ದಪ್ಪನನ್ನು ಕರೆದುಕೊಂಡು ಪಡಸಾಲೆಗೆ ಹೋಗಿ, ಕೊನೆಯಲ್ಲಿ ಕೂತ ಬಾಳವ್ವನೆಂಬ ಮುದುಕಿಯನ್ನು ಕೇಳಿದೆ: "ಯವ್ವಾ, ಹನ್ನೊಂದರ ಸುಮಾರ ಎಲ್ಲಾರೂ ಆ ಕಡೆ ಯಾಕ ಹೊಳ್ಳತೀರಿ?"

"ಯಾರೋ ಬರ್ತಾರಲ್ರಿ" ಎಂದಳು ಬಾಳವ್ವ. "ಬರಿಗಾಲ ಸಪ್ಪಳ. ಬೇಲಿ ಹಿಡಕೊಂಡ ಬಂದ ಮಷಿನ್ ಕಡೆ ನಿಲ್ತಾರ. ಬರೂದ ಕೇಳತೈತಿ, ಹೋಗೂದ ಕೇಳೂದಿಲ್ರಿ."

ಉದ್ದಪ್ಪ ಎದ್ದು ಹೋಗಿ ಮಷಿನ್ನಿನ ಬೋಲ್ಟು ಬಿಚ್ಚತೊಡಗಿದ.

ಹಿಂದಿನ ಮುಚ್ಚಳ ತೆಗೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಷಿನ್ನಿನ ಹೊಟ್ಟೆಯೊಳಗೆಲ್ಲ ಹಳದಿ. ಯಾರೋ ಒಳಗೆ ಕೂತು ಪೂಜೆ ಮಾಡಿದಂತಿತ್ತು. ತಾಮ್ರದ ಉರುಳಿಗೆ ಇದ್ದಿಲಿನ ಬ್ರಷ್ಷು ತಾಗಿ ಕರೆಂಟು ಹಾಯಬೇಕಾದ ಕಡೆಯೇ ಭಂಡಾರ ಎಣ್ಣೆಯ ಜೊತೆ ಕಲೆತು ಮೆತ್ತಿಕೊಂಡಿತ್ತು. ಉದ್ದಪ್ಪ ಬೆರಳಿನಿಂದ ತೆಗೆದು ಮೂಸಿ ನೋಡಿ, ಅಲ್ಲೇ ನೆಲಕ್ಕೆ ಕುಕ್ಕರಿಸಿದ.

"ಅಕ್ಕಂದ್ರಿ" ಎಂದ.

ನನಗೂ ಆಗ ಹೊಳೆಯಿತು. ನಾವೆಲ್ಲ ಮುಂದಿನ ಗದ್ದಲದಲ್ಲಿದ್ದಾಗ ಕಾಡವ್ವ ಬೇಲಿ ತಡವಿಕೊಂಡು, ಮಷಿನ್ನಿನ ಸದ್ದು ಹಿಡಿದು ಹಿಂದಿನಿಂದ ಬರುತ್ತಿದ್ದಳು. ತಮ್ಮ ಕೊಡದ ಪಾಲನ್ನು ತಾನು ಕೊಡುತ್ತಿದ್ದಳು. ಕಣ್ಣು ಕಾಣದ ಅವಳು, ಎಲ್ಲಿ ಗಾಳಿ ಎಳೆಯುತ್ತದೋ ಅದೇ ಬಾಯಿ ಎಂದುಕೊಂಡು ಜಾಳಿಗೆಗೆ ಭಂಡಾರ ಹಿಡಿಯುತ್ತಿದ್ದಳು, ಒಳಗಿನ ಫ್ಯಾನು ಅದನ್ನು ಜಗ್ಗಿ ನುಂಗುತ್ತಿತ್ತು. ತನ್ನ ಕೈಯಿಂದಲೇ ಮಷಿನ್ ತಿನ್ನುತ್ತಿದೆ ಎಂದು ಅವಳಿಗೆ ಅನ್ನಿಸಿದ್ದರೆ ತಪ್ಪೇನು? ತನ್ನ ಕಣ್ಣಿಗೆ ಬೇಕಾದ ಬೆಳಕನ್ನು ತಾನೇ ಆರಿಸುತ್ತಿದ್ದಳು ಆ ಹುಚ್ಚು ಮುದುಕಿ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಹೋಗಿ ಹೇಳೋ ಅವಳಿಗೆ" ಎಂದೆ.

"ಇವತ್ತ ಬ್ಯಾಡ್ರಿ. ತನ್ನಿಂದ ಹಿಂಗಾತು ಅಂತ ಗೊತ್ತಾದ್ರ ನಾಳಿ ಮೇಜಿನ ಮ್ಯಾಲ ನಡಗತಾಳ. ಆಪರೇಷನ್ ಆಗ್ಲಿ, ಹೇಳತೇನಿ."

ಒರೆಸಲು ಒಳ್ಳೆಯ ಅರಿವೆ ಇರಲಿಲ್ಲ. ತನ್ನ ಬಿಳಿ ಅಂಗಿ ಬಿಚ್ಚಿ ಅದರಲ್ಲೇ ಒರೆಸಿದ. ತಾಮ್ರವನ್ನು ಮರಳುಕಾಗದದಿಂದ ತಿಕ್ಕಿ, ಹೊಸ ಬ್ರಷ್ಷು ಕೂರಿಸಿ, ಸಂಜೆಗೆ ಮಷಿನ್ ಶುರು ಮಾಡಿದ. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ನಾನು ತಲೆಗೆ ಕೈ ಹಚ್ಚಿದೆ.

"ಕಬ್ಬಣಕ್ಕೂ ನೆನಪ ಇರತೈತ್ರಿ" ಎಂದ ಅವನು. "ಸ್ವಲ್ಪ ಕಾಂತಶಕ್ತಿ ಅದರಾಗ ಉಳಕೊಂಡಿರತೈತಿ, ಅದರ ಮ್ಯಾಲ ಕರೆಂಟ್ ಹುಟ್ಟತೈತಿ. ಬಡದು ಬಿಚ್ಚಿದ್ದಕ್ಕ ಮರತೈತಿ. ನೆನಪ ಮಾಡಿ ಕೊಡಬೇಕು." ಗಾಡಿಯ ಬ್ಯಾಟರಿಯಿಂದ ಎರಡು ತಂತಿ ಎಳೆದು ಮಷಿನ್ನಿನ ಒಳಸುತ್ತಿಗೆ ಒಂದು ಕ್ಷಣ ಮುಟ್ಟಿಸಿ ತೆಗೆದ. ಕಿಡಿ ಹಾರಿತು. ಸತ್ತಿದ್ದ ಮುಳ್ಳು ಎದ್ದು ಇನ್ನೂರಾ ಇಪ್ಪತ್ತೆಂಟಕ್ಕೆ ಹೋಗಿ ನಿಂತಿತು.

ಗುರುವಾರ ದೀಪ ಹಗಲಿನಂತೆ ಉರಿಯಿತು. ಕಾಡವ್ವನ ಕಣ್ಣಿನ ಪೊರೆ ಇಡಿಯಾಗಿ ಬಂತು. ಆ ಕಾಲದಲ್ಲಿ ಆಪರೇಷನ್ ಆದ ಮೇಲೆ ಕೆಲವು ದಿನ ಅಲುಗಾಡದೆ ಅಂಗಾತ ಮಲಗಬೇಕಿತ್ತು. ತಲೆಯ ಎರಡೂ ಕಡೆ ಮರಳಿನ ಚೀಲ ಇಡುತ್ತಿದ್ದೆವು. ತಟ್ಟನೆ ಎದ್ದರೆ ಹೊಲಿಗೆ ಬಿಟ್ಟು ಕಣ್ಣು ಸೋರಿಹೋಗುತ್ತಿತ್ತು.

ಶುಕ್ರವಾರ ಹನ್ನೊಂದಕ್ಕೆ ನಾನು ಪಡಸಾಲೆಯಲ್ಲಿದ್ದೆ. ಕಾಡವ್ವ ಅಲ್ಲೇ ಹಾಸಿಗೆಯಲ್ಲಿದ್ದಳು, ಆದ್ದರಿಂದ ನನಗೆ ಯಾವ ಚಿಂತೆಯೂ ಇರಲಿಲ್ಲ. ಆಗ ಆ ಹದಿನಾಲ್ಕು ಮುಖ ಒಟ್ಟಿಗೆ ಗಾಡಿಯ ಕಡೆ ಹೊರಳಿದವು.

"ಬಂತ ನೋಡ್ರಿ" ಎಂದಳು ಬಾಳವ್ವ.

ಕಾಡವ್ವನ ಕೈ ಸೊಂಟದ ಚೀಲ ತಡವತೊಡಗಿತು. "ಅವ್ರ ಬಂದಾರ" ಎಂದಳು. ಗಂಡನ ಹೆಸರು ಅವಳು ಬಾಯಲ್ಲಿ ಆಡುವವಳಲ್ಲ. "ಮಷಿನ್ ಬಾಜೂಕ ನಿಂತಾರ. ಹೊತ್ತಾತು ಅಂತ ಹೇಳಾಕ ಬಂದಾರ. ನನ್ನ ಬಿಡ್ರೋ, ಅದು ಹಸದೈತಿ, ನನ್ನ ತಮ್ಮನ್ನ ತಿಂತೈತಿ!" ಮೊಣಕೈ ಊರಿ ಎದ್ದೇಬಿಡುತ್ತಿದ್ದಳು. ನಾನು ಕೂಗಿದೆ. ಉದ್ದಪ್ಪ ಓಡಿಬಂದು ಅವಳ ಭುಜ ಹಿಡಿದ.

"ಅಕ್ಕಾ, ಮಲಕೋ. ನಾ ಕೊಟ್ಟ ಬಂದೇನಿ."

"ನೀನ?"

"ಹೂಂ. ನಾನ ಕೊಟ್ಟೇನಿ. ಇನ್ನ ದಿನಾ ನಾನ ಕೊಡತೇನಿ."

ಅವಳು ಗಾಳಿಯಲ್ಲಿ ಕೈ ಆಡಿಸಿ ಅವನ ಅಂಗಿ ಹಿಡಿದು ಮೂಗಿಗೆ ಎಳೆದುಕೊಂಡಳು. ಒಗೆದರೂ ಹೋಗದ ಭಂಡಾರದ ವಾಸನೆ ಅದರಲ್ಲಿತ್ತು. ಅವಳ ಮೈ ಸಡಿಲಾಯಿತು. ತಲೆಯನ್ನು ಮೆಲ್ಲಗೆ ಮರಳಿನ ಚೀಲಗಳ ನಡುವೆ ಇಟ್ಟುಕೊಂಡಳು. ದೀಕ್ಷೆಯಾದ ಎರಡು ವರ್ಷದಲ್ಲಿ ಉದ್ದಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಗಾಡಿಯ ಹಿಂದಕ್ಕೆ ಹೋದೆ. ಮುಳ್ಳು ಇನ್ನೂರಾ ಇಪ್ಪತ್ತೆಂಟರಲ್ಲೇ ಇತ್ತು. ಬೇಲಿಯ ಧೂಳಿನಲ್ಲಿ ಕಾಡವ್ವನ ಸಣ್ಣ ಹೆಜ್ಜೆಗಳಿದ್ದವು. ಅವುಗಳ ಪಕ್ಕದಲ್ಲಿ ದೊಡ್ಡ ಗಂಡುಹೆಜ್ಜೆಗಳು, ಬರಿಗಾಲಿನವು, ಬರುವ ದಿಕ್ಕಿಗೆ ಮಾತ್ರ. ಉದ್ದಪ್ಪನವು ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಆದರೆ ಅವನು ಬೂಟಿಲ್ಲದೆ ನೆಲಕ್ಕೆ ಕಾಲಿಡುವವನಲ್ಲ.

ಎಂಟನೆಯ ದಿನ ಬಟ್ಟೆ ಬಿಚ್ಚಿದಾಗ ಕಾಡವ್ವ ತಮ್ಮನನ್ನು ನೋಡಿ, "ಮುದುಕ ಆಗೀಯಲ್ಲೋ" ಎಂದು ನಕ್ಕಳು. ಭಂಡಾರದ ಚೀಲವನ್ನು ಅವನ ಕೈಗೇ ಕೊಟ್ಟು ಅಂಕಲಗಿಗೆ ಹೋದಳು. ನಮ್ಮ ಮುಂದಿನ ಶಿಬಿರ ಮೂಡಲಗಿಯಲ್ಲಿ. ಅಲ್ಲಿ ಒಂದು ದಿನ ಹನ್ನೊಂದಕ್ಕೆ ನೋಡುತ್ತೇನೆ, ಉದ್ದಪ್ಪ ಗಾಡಿಯ ಹಿಂದೆ, ಜಾಳಿಗೆಯಿಂದ ದೂರ, ಮಷಿನ್ನಿನ ಕಾಲಿಗೆ ಒಂದು ಚಿಟಿಕೆ ಭಂಡಾರ ಹಚ್ಚುತ್ತಿದ್ದಾನೆ. ಕೈ ಮುಗಿಯಲಿಲ್ಲ, ತಲೆ ಬಾಗಿಸಲಿಲ್ಲ. ಬೋಲ್ಟು ಬಿಗಿದಂತೆ ಹಚ್ಚಿ ಎದ್ದ.

"ಏನೋ ಇದು? ದೀಕ್ಷಾ ಎಲ್ಲಿ ಹೋತು?" ಎಂದು ಕಾಡಿದೆ.

"ದಿನಾ ಕೊಡತೇನಿ ಅಂತ ಅಕ್ಕಗ ಹೇಳೇನ್ರಿ. ಕೊಡ್ಲಿಲ್ಲಂದ್ರ ಅದೂ ಸುಳ್ಳ ಆಗತೈತಿ."

ಎಂಟು ವರ್ಷ, ಯಾವ ಊರಿದ್ದರೂ, ಹನ್ನೊಂದಕ್ಕೆ ಅವನು ಎದ್ದು ಹಿಂದೆ ಹೋಗಿ ಬರುತ್ತಿದ್ದ. ಅರವತ್ತಾರರಲ್ಲಿ ಘಟಪ್ರಭಾದ ಶಿಬಿರದಲ್ಲಿದ್ದಾಗ ಅಕ್ಕ ತೀರಿದ ಸುದ್ದಿ ಬಂತು. ಮಣ್ಣು ಮಾಡಿ ಮೂರನೆಯ ದಿನ ಕೆಲಸಕ್ಕೆ ಬಂದ. ಸ್ಟೋವ್ ಹಚ್ಚಿ ಇಬ್ಬರಿಗೂ ಚಹಾ ಕಾಸಿದ. ಹನ್ನೊಂದು ಹೊಡೆಯಿತು. ಅವನು ಬಸಿಯಲ್ಲಿದ್ದ ಚಹಾ ನೋಡುತ್ತ ಕೂತೇ ಇದ್ದ, ಏಳಲಿಲ್ಲ.

ನನಗೆ ತಡೆಯಲಾಗಲಿಲ್ಲ. ನಾನೇ ಎದ್ದು ಹೋಗಿ, ಮುಳ್ಳು ಬಿದ್ದಿದೆಯೇನೋ ಎಂದು ನೋಡಿ ಬಂದೆ.