ದರ್ಜಿ ಅಕ್ಕನ ಬಾಯಿ

ದರ್ಜಿ ಅಕ್ಕನ ಬಾಯಿ ಕತ್ತರಿಗಿಂತ ಹರಿತ. ಹೊಲಿಗೆ ಸೊಟ್ಟಗಾದರೆ, ಕೆಲಸಕ್ಕೆ ನೆರವಾಗುತ್ತಿದ್ದ ನಾದಿನಿಯನ್ನು “ಚಿಂದಿ ಮೂತಿಯವಳೇ, ಹೋಗಿ ಕಸದ ಬುಟ್ಟಿಗೆ ಬೀಳು!” ಎಂದು ಗದರುವಳು. ನಾದಿನಿ ನಕ್ಕು ಹೊಲಿಗೆ ಬಿಚ್ಚುವಳು.

ಒಂದು ದಿನ ಅಕ್ಕನನ್ನು ಶಾಲೆಗೆ ಕರೆಸಿ ಟೀಚರ್ ಹೇಳಿದರು: “ನಿಮ್ಮ ಮಗಳು ಪಕ್ಕ ಕೂರೋ ಹುಡುಗಿಗೆ ದಿನಾ ಚಿಂದಿ ಮೂತಿ, ಬುಟ್ಟಿಗೆ ಬೀಳು ಅಂತಾಳೆ. ಆ ಮಗು ಸ್ಕೂಲಿಗೆ ಬರೋದೇ ಬಿಟ್ಟಿದೆ.”

ಅಕ್ಕ ಮಗಳನ್ನು ಎಳೆದುಕೊಂಡು ಆ ಹುಡುಗಿಯ ಮನೆಗೆ ಓಡಿದಳು.

“ತಪ್ಪು ನಂದು ಕಣಮ್ಮ, ಇವಳು ಕಲ್ತಿದ್ದು ನನ್ನಿಂದಾನೇ. ದಮ್ಮಯ್ಯ, ಮಗೂನ ಸ್ಕೂಲಿಗೆ ಕಳಿಸಿ,” ಎಂದು ಬಾಗಿಲಿಗೆ ಬಂದ ತಾಯಿಯನ್ನು ಅಂಗಲಾಚಿದಳು.

“ಮಂಚದ ಕೆಳಗಿಂದ ಈಚೆಗೇ ಬರ್ತಿಲ್ಲ ಅವಳು. ಏನಂತ ಕಳಿಸ್ಲಿ?” ಎಂದು ಆ ತಾಯಿ ಬಾಗಿಲು ಹಾಕಿಕೊಂಡಳು.

“ಅಮ್ಮಾ, ಇನ್ಮೇಲೆ ನನ್ನ ಪಕ್ಕ ಯಾರು ಕೂತ್ಕೋತಾರೆ?” ಎಂದಳು ಮಗಳು.

ಅಕ್ಕ ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದಳು. ಬಾಗಿಲು ತೆರೆಯಲಿಲ್ಲ.