ತಿಪ್ಪೆಯ ಎತ್ತರ

ಮದುವೆಯಾಗಿ ಕರ್ಜಗಿಗೆ ಬಂದು ನಾಲ್ಕು ವರ್ಷವಾದ ಮೇಲೆ, ಮನೆಯ ಹಿತ್ತಲನ್ನು ನನಗೆ ಬಿಡಿ, ಕಾಯಿಪಲ್ಯ ಬೆಳೆಯುತ್ತೇನೆ ಅಂದೆ. ದಿನಾ ಬೈಕಿನಲ್ಲಿ ಹಾವೇರಿಯ ಕಚೇರಿಗೆ ಹೋಗಿಬರುವ ನನ್ನ ಗಂಡ, "ಅಲ್ಲಿ ಜೇಕು, ಕರಕಿ ಬಿಟ್ರ ಏನೂ ಬೆಳೆಯಂಗಿಲ್ಲ" ಎಂದು ನಕ್ಕರು. ನಾನು ಹಟ ಹಿಡಿಯಲು ಆ ನಗುವೇ ಸಾಕಾಯಿತು. ರಾಣೆಬೆನ್ನೂರಿನ ತವರಿನಲ್ಲಿ ಅವ್ವನ ಜೊತೆ ಕಳೆ ಕಿತ್ತು ಬೆಳೆದವಳು ನಾನು. ಹುಲ್ಲಿಗೆ ಹೆದರುವ ಪೈಕಿ ಅಲ್ಲ.

ಬೇಸಿಗೆಯಲ್ಲೇ ಗುದ್ದಲಿ ಹಿಡಿದೆ. ಕರಕಿಯನ್ನು ಮೇಲೆ ಮೇಲೆ ಕೊಯ್ದರೆ ಅದಕ್ಕೆ ಕ್ಷೌರ ಮಾಡಿದಷ್ಟೇ ಆಯಿತು. ಹೆಂಟೆ ಎಬ್ಬಿಸಿ, ಬೇರು ಬಿಡಿಸಿ, ಬಿಸಿಲಿಗೆ ಒಣಹಾಕಬೇಕು. ಜೇಕಿನ ಗಡ್ಡೆಗಳನ್ನಂತೂ ಕೈಯಿಂದಲೇ ಆರಿಸಿದೆ. ಮೊದಲ ಮಳೆಗೆ ಊರೆಲ್ಲ ಬೀಜ ಹಾಕಲು ಓಡಾಡಿದರೆ ನಾನು ಸುಮ್ಮನೆ ಕೂತೆ. ಉಳಿದ ಕಳೆ ಮೊಳೆಯಲಿ ಎಂದು ಕಾದು, ಮೊಳೆತ ಮೇಲೆ ಅದನ್ನೂ ಕಿತ್ತೆಸೆದೆ.

ಇನ್ನು ಬೇಕಾಗಿದ್ದು ಗೊಬ್ಬರ. ಅದರಲ್ಲೇ ಅತ್ತೆಗೂ ನನಗೂ ಜಗಳ ಬಿತ್ತು. ಮನೆ ಪಕ್ಕದ ರಸ್ತೆಗೆ ಕಾಣುವ ಹಾಗೆ ಅತ್ತೆಯ ತಿಪ್ಪೆ ಆಳೆತ್ತರ ನಿಂತಿತ್ತು. ಮೈದುನನಿಗೆ ಬ್ಯಾಡಗಿ ಕಡೆಯ ಹೆಣ್ಣು ನೋಡಿ ಆಗಿತ್ತು, ಹೆಣ್ಣಿನವರು ನಮ್ಮ ಮನೆ ನೋಡಲು ಬರುವುದು ಬಾಕಿಯಿತ್ತು. ಹೆಣ್ಣು ಕೊಡುವವರು ಮೊದಲು ನೋಡುವುದು ತಿಪ್ಪೆಯನ್ನು. ಅದು ಎತ್ತರವಿದ್ದರೆ ದನಕರು ಇರುವ, ದುಡಿಯುವ ಮನೆ ಎಂದು ಅರ್ಥ.

"ಅವರು ಬಂದು ಹೋಗೂತನಾ ಒಂದು ಬುಟ್ಟಿನೂ ತೆಗೀಬ್ಯಾಡ" ಅಂದರು ಅತ್ತೆ. "ಬೇಕಂದ್ರ ಇವತ್ತಿನ ಸೆಗಣಿ ಒಯ್ಯಿ."

"ಹಸಿ ಸೆಗಣಿ ಹಾಕಿದ್ರ ಬೇರು ಸುಡತಾವ್ರಿ. ಅದರಾಗ ಕಸದ ಬೀಜ ಬ್ಯಾರೆ ಇರತಾವು. ನನಗ ತಳದಾಗಿನ ಕಳಿತ ಗೊಬ್ಬರನ ಬೇಕ್ರಿ."

"ಸಂಬಂಧ ತಪ್ಪಿದ್ರ ನಿನ್ನ ಬದನಿಕಾಯಿ ಕೊಟ್ಟು ಹೆಣ್ಣು ತರ್ತೀಯೇನು?"

ನಾನು ಬುಟ್ಟಿ ಎತ್ತಿಕೊಂಡು ತಿಪ್ಪೆಯ ಹಿಂದಕ್ಕೆ ಹೋದೆ. ರಸ್ತೆಗೆ ಕಾಣದ ಹಿಂಬದಿಯಿಂದ ತಳ ಕೆದರಿದೆ. ಕ್ಯಾರಿಬ್ಯಾಗು, ಗುಟ್ಕಾ ಚೀಟಿ ಆರಿಸಿ ತೆಗೆದರೆ, ಒಳಗೆ ವಾಸನೆಯಿಲ್ಲದ, ಕೈಯಲ್ಲಿ ಪುಡಿಯಾಗುವ ಕಪ್ಪು ಗೊಬ್ಬರ. ಅದನ್ನು ಎಲ್ಲ ಕಡೆ ಎರಚಿದರೆ ಜೇಕಿಗೇ ಹಬ್ಬ. ಬದನೆ ಸಸಿ ನೆಡುವ ಗುಣಿಗಳಿಗಷ್ಟೇ ಬೊಗಸೆ ಬೊಗಸೆ ಹಾಕಿ, ಮಣ್ಣಿನ ಜೊತೆ ಕಲಸಿ ನೆಟ್ಟೆ.

ಆಮೇಲೆ ಜೋರು ಮಳೆ ಬಂತು. ಹೊಟ್ಟೆ ಖಾಲಿಯಾಗಿದ್ದ ತಿಪ್ಪೆ ಕುಸಿದು ಸೊಂಟದ ಮಟ್ಟಕ್ಕೆ ಇಳಿಯಿತು. ಅತ್ತೆ ಬಂದು ನೋಡಿದರು, ನನ್ನನ್ನೂ ನೋಡಿದರು, ಒಳಗೆ ಹೋದರು. ಬೈದಿದ್ದರೆ ತಿರುಗಿ ಅನ್ನುತ್ತಿದ್ದೆ. ಆಷಾಢ ಕಳೆಯುವವರೆಗೂ ಅವರು ನನ್ನ ಜೊತೆ ಮಾತೇ ಆಡಲಿಲ್ಲ. ಸಂಬಂಧ ಮುರಿದರೆ ಜೀವಮಾನವಿಡೀ ಅದು ನನ್ನ ತಲೆಗೇ ಎಂದು ಗೊತ್ತಿತ್ತು. ಆದರೂ ನೆಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪ ಇರಲಿಲ್ಲ. ಗಿಡಗಳು ಹಾಗೆ ಎದ್ದಿದ್ದವು.

ಶ್ರಾವಣದಲ್ಲಿ ಹೆಣ್ಣಿನವರು ಬಂದರು. ಚಹಾ ಕುಡಿದು ಎದ್ದ ಹುಡುಗಿಯ ಸೋದರಮಾವ ಮನೆಯ ಪಕ್ಕಕ್ಕೆ ಹೋಗಿ ನಿಂತು, "ತಿಪ್ಪಿ ಇಷ್ಟ ಏನ್ರಿ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಉಳಿದದ್ದು ಹಿತ್ತಲದಾಗ ಐತಿ, ಬರ್ರಿ" ಎಂದು ಅವರನ್ನು ಕರೆದುಕೊಂಡು ಹೋದರು. ಕಾಯಿ ತೂಗಿ ಬಾಗಿದ್ದ ಬದನೆ ಸಾಲು ತೋರಿಸಿ, "ನಮ್ಮ ಸೊಸಿ ನೆಲಕ್ಕ ಉಣಿಸ್ಯಾಳ್ರಿ. ತಿಪ್ಪಿ ಕೂಡಿಡೋದು ಯಾರಿಗಾದ್ರೂ ಬರತೈತಿ" ಅಂದರು. ನನ್ನನ್ನು ಒಂದು ಮಾತೂ ಕೇಳದೆ ಎಳೆಗಾಯಿಗಳನ್ನೆಲ್ಲ ಕಿತ್ತು ಅವರ ಜೊತೆ ಬಂದಿದ್ದ ಹೆಂಗಸರ ಉಡಿಗೆ ಹಾಕಿದರು. ಕಾಯಿ ಹೋದದ್ದಕ್ಕೆ ಹೊಟ್ಟೆ ಉರಿಯಿತು, ಅತ್ತೆಯ ಆ ಮಾತಿಗೆ ಕಣ್ಣಲ್ಲಿ ನೀರೂ ಬಂತು.

ಸಂಬಂಧ ಗಟ್ಟಿಯಾಯಿತು. ಮರುದಿನ ಬೆಳಿಗ್ಗೆ ಅತ್ತೆ ಸೆಗಣಿ ಬುಟ್ಟಿ ಹೊತ್ತು ತಿಪ್ಪೆಯವರೆಗೆ ಹೋದವರು, ಅಲ್ಲೇ ನಿಂತು ನನ್ನನ್ನು ಕೂಗಿದರು.

"ಇದನ್ನ ಎಲ್ಲಿ ಹಾಕ್ಲಿ, ನೀನ ಹೇಳು."